ಕರಡಿಗೆಯ ಮೇಲಿನ ಗೀರು

ಬಾಣ ಬಿಡದೆ ವಾಪಸು ಬಂದ ಪುಣ್ಯಾತ್ಮ ಎಂಬ ಹೆಸರು ಸಿಂಗಪುರದ ಕನ್ನಡಿಗರ ನಡುವೆ ಶಿವಯೋಗೀಶನ ಬೆನ್ನಿಗೆ ಎಂಟು ತಿಂಗಳಿಂದ ಅಂಟಿಕೊಂಡಿತ್ತು. ಹೆಸರನ್ನು ಹುಟ್ಟಿಸಿದವಳು ಅವನ ಹೆಂಡತಿ ವಿದ್ಯಾಶ್ರೀ, ಮನೆಮನೆಗೆ ಹಂಚಿದವನು ಗೆಳೆಯ ಬದರೀನಾಥ. ಇಬ್ಬರದೂ ತಪ್ಪಿಲ್ಲ. ಅವನು ಹೇಳಿದ್ದನ್ನು ಇಬ್ಬರೂ ನಂಬಿದ್ದರು, ಅಷ್ಟೆ.

ಎರಡು ಸಾವಿರದ ಆರು, ಏಳರ ಕಾಲವೇ ಹಾಗಿತ್ತು. ಕಂಪನಿಗಳು ಬೋನಸ್ಸನ್ನು ತೀರ್ಥದ ಹಾಗೆ ಕೈಗೆ ಹಾಕುತ್ತಿದ್ದವು, ನಲವತ್ತು ದಾಟಿದ ಗಂಡಸರಿಗೆಲ್ಲ ಒಂದೊಂದು ಹುಚ್ಚು ಹಿಡಿದಿತ್ತು. ಒಬ್ಬ ಗಾಲ್ಫ್ ಕೋಲುಗಳನ್ನು ಕೊಂಡ. ಇನ್ನೊಬ್ಬ ಮ್ಯಾರಥಾನ್ ಓಡಿ ಮೊಣಕಾಲು ಕೆಡಿಸಿಕೊಂಡ. ಬ್ಯಾಂಕಿನ ಬದರೀನಾಥ ಪ್ರತಿ ಭಾನುವಾರ ಹೆಂಡತಿಯನ್ನು ಕಟ್ಟಿಕೊಂಡು ಹೊಸ ಕಾಂಡೊಗಳ ಶೋ ಫ್ಲ್ಯಾಟ್ ನೋಡುತ್ತ ತಿರುಗಿದ. ಆಂಗ್ ಮೋ ಕಿಯೋದ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಶಿವಯೋಗೀಶನಿಗೆ ಹಿಡಿದದ್ದು ಬಿಲ್ಲಿನ ಹುಚ್ಚು.

ಹುಚ್ಚಾದರೂ ಅವನ ಕೈ ಒಳ್ಳೆಯದಿತ್ತು. ನಲವತ್ತು ಹೆಜ್ಜೆ ದೂರದ ಕಾಗದದ ಗುರಿಯಲ್ಲಿ ಹತ್ತಕ್ಕೆ ಒಂಬತ್ತು ಬಾಣ ನಡುವಿನ ಹಳದಿಗೇ ಹೋಗಿ ನೆಡುತ್ತಿದ್ದವು. ಕ್ಲಬ್ಬಿನಲ್ಲಿ ಪದಕ ಬಂತು, ಪದಕದ ಹಿಂದೆ ಮದ ಬಂತು. ಕಾರ್ಖಾನೆಯಲ್ಲಿದ್ದ ಕೆನಡಾದವನೊಬ್ಬ, ಕಾಗದಕ್ಕೆ ಹೊಡೆಯುವುದು ಮಕ್ಕಳಾಟ, ನಮ್ಮ ಬೆಟ್ಟದ ಬಿಗ್‌ಹಾರ್ನ್ ಟಗರನ್ನು ಬಿಲ್ಲಿನಲ್ಲಿ ಹೊಡೆದವನೇ ಬಿಲ್ಲುಗಾರ ಎಂದು ಒಮ್ಮೆ ಊಟದ ಹೊತ್ತಿನಲ್ಲಿ ಅಂದ. ಸುರುಳಿ ಸುತ್ತಿದ ಕೊಂಬು, ಕಡಿದಾದ ಬಂಡೆ, ಹತ್ತಿರ ಹೋಗಲು ಬಿಡದ ಕಣ್ಣು. ಬೈಲಹೊಂಗಲದ ಲಿಂಗವಂತರ ಮನೆಯಲ್ಲಿ ಹುಟ್ಟಿ, ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ವರ್ಷ ಕಾದ. ಇದಕ್ಕೆ ಅವನ ಹತ್ತಿರ ನೂರೆಂಟು ಸಮಜಾಯಿಷಿ ಇದ್ದವು. ಒಂದೂ ಕೇಳುವ ಹಾಗಿರಲಿಲ್ಲ.

ವಿದ್ಯಾಶ್ರೀ ಬೇಡ ಎಂದಳು, ಎರಡು ವಾರ ಮಾತು ಬಿಟ್ಟಳು, ಕೊನೆಗೆ ಕೈಚೆಲ್ಲಿದಳು. ಊರಿನಲ್ಲಿದ್ದ ತಾಯಿ ಚನ್ನಬಸವ್ವನಿಗೆ ಆಫೀಸಿನ ಟ್ರೇನಿಂಗ್ ಎಂದು ಹೇಳಿ ಅವನು ಸೆಪ್ಟೆಂಬರಿನಲ್ಲಿ ಕೆನಡಾಕ್ಕೆ ಹೋದ. ಹದಿನೈದು ದಿನದ ಮೇಲೆ ಗಡ್ಡ ಬಿಟ್ಟುಕೊಂಡು, ಕಣ್ಣು ಗುಳಿಬಿದ್ದು, ಬರಿಗೈಯಲ್ಲಿ ಬಂದ. ಹೆಂಡತಿ ಬಾಗಿಲಲ್ಲೇ ಕೇಳಿದ ಪ್ರಶ್ನೆಗೆ, ಬಾಣ ಬಿಡಲೇ ಇಲ್ಲ, ಮನಸ್ಸಾಗಲಿಲ್ಲ ಎಂದ. ಅವಳು ಅಲ್ಲೇ ಅತ್ತುಬಿಟ್ಟಳು. ಆ ಅಳು ಸಂತೋಷದ್ದು. ಅದನ್ನು ನೋಡಿದ ಮೇಲೆ ಅವನಿಗೆ ಮಾತು ತಿದ್ದುವ ಧೈರ್ಯ ಬರಲಿಲ್ಲ.

ಬಿಲ್ಲು ಅಂದಿನಿಂದ ಬಾಂಬ್ ಶೆಲ್ಟರಿನಲ್ಲಿತ್ತು. ಬುಕಿತ್ ಪಂಜಾಂಗಿನ ಆ ಫ್ಲ್ಯಾಟುಗಳಲ್ಲಿ ಪ್ರತಿ ಮನೆಗೂ ಯುದ್ಧಕಾಲಕ್ಕೆಂದು ಅಂಥ ಒಂದು ಕಬ್ಬಿಣದ ಬಾಗಿಲಿನ ಕೋಣೆ. ಯುದ್ಧ ಬರುವ ತನಕ ಎಲ್ಲರೂ ಅಲ್ಲಿ ಅಕ್ಕಿ ಮೂಟೆ, ಹಳೇ ಸೂಟ್‌ಕೇಸು ಇಡುತ್ತಾರೆ.

ಮೇ ತಿಂಗಳಲ್ಲಿ ಚನ್ನಬಸವ್ವ ಮೂರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಳು. ಎಪ್ಪತ್ತೊಂದು ವರ್ಷ, ಗಟ್ಟಿ ಜೀವ. ವಾರ ಕಳೆಯುವುದರೊಳಗೆ, ಫ್ಲ್ಯಾಟಿನ ತಳದಲ್ಲಿ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನಲ್ಲಿ ಕೂರುವ ಚೀನೀ ಮುದುಕಿಯರ ಗೆಳೆತನ ಮಾಡಿಕೊಂಡಳು. ಇವಳಿಗೆ ಅವರ ಭಾಷೆ ಬಾರದು, ಅವರಿಗೆ ಇವಳದು ಬಾರದು, ಆದರೂ ಸೊಸೆಯರ ಬಗ್ಗೆ ಏನೋ ಮಾತಾಗುತ್ತಿತ್ತು ಎಂದು ವಿದ್ಯಾಶ್ರೀಗೆ ಗುಮಾನಿ. ಅತ್ತೆಗೆ ಎಲ್ಲಕ್ಕಿಂತ ಹಿಡಿಸಿದ್ದು ಅಲ್ಲಿಯ ಎಲ್‌ಆರ್‌ಟಿ ರೈಲು. ಮನೆಗಳ ಕಿಟಕಿ ಹತ್ತಿರ ಬಂದಾಗ ಅದರ ಗಾಜು ತಾನಾಗಿಯೇ ಮಂಜಾಗಿ, ಮನೆ ದಾಟಿದ ಮೇಲೆ ತಿಳಿಯಾಗುತ್ತಿತ್ತು. ಮಂದಿ ಮನಿಯೊಳಗ ಇಣುಕಬಾರದು ಅನ್ನೋ ಮರ್ಯಾದಿ ಈ ಗಾಡಿಗೂ ಐತಿ ಎಂದು ಮೆಚ್ಚಿಕೊಂಡಳು.

ಗಾಡಿಗೆ ಇದ್ದ ಮರ್ಯಾದೆ ತಾಯಿಯ ಕಣ್ಣಿಗೆ ಇರುವುದಿಲ್ಲ. ಬಂದ ಎರಡನೆಯ ದಿನವೇ ಮಗ ಪೂಜೆಗೆ ಕೂತಾಗ ತಟ್ಟೆಯಲ್ಲಿದ್ದ ಕರಡಿಗೆಯ ಮೇಲಿನ ಗೀರನ್ನು ಅವಳು ನೋಡಿದಳು. ಇಷ್ಟಲಿಂಗವನ್ನು ಒಳಗಿಟ್ಟು, ದಾರ ಕಟ್ಟಿ, ಎದೆಯ ಮೇಲೆ ಧರಿಸುವ ಬೆಳ್ಳಿಯ ಪುಟ್ಟ ಸಂಪುಟ ಅದು. ಶಿವಯೋಗೀಶನ ಅಪ್ಪ ಗುರುಬಸಪ್ಪನದು. ಗುರುಬಸಪ್ಪ ತೀರಿಕೊಂಡಾಗ, ಪದ್ಧತಿಯಂತೆ ಲಿಂಗವನ್ನು ಎಡಗೈಯಲ್ಲಿಟ್ಟು ಅದರೊಂದಿಗೇ ಮಣ್ಣು ಮಾಡಿದ್ದರು. ಕರಡಿಗೆಯನ್ನು ಮಾತ್ರ ಚನ್ನಬಸವ್ವ ತೊಳೆದು, ಒರೆಸಿ, ಮಗನ ಕೈಗೆ ಕೊಟ್ಟಿದ್ದಳು. ನಲವತ್ತು ವರ್ಷ ಗಂಡನ ಎದೆಯ ಮೇಲಿದ್ದ ವಸ್ತುವಿನ ಮೈಯೆಲ್ಲ ಅವಳಿಗೆ ಬಾಯಿಪಾಠ. ಈಗ ಅದರ ಬದಿಯಲ್ಲಿ ಕೂದಲೆಳೆಯಂಥ ಒಂದು ಗೀರು, ಗೀರಿನ ತುದಿಯಲ್ಲಿ ಸಣ್ಣ ತಗ್ಗು.

ಬಚ್ಚಲಲ್ಲಿ ಬಿತ್ತು ಎಂದು ಮಗ ಹೇಳಿದ. ಬಿದ್ದರೆ ತಗ್ಗು ಬೀಳುತ್ತದೆ, ದಾರ ಎಳೆದ ಹಾಗೆ ನೆಟ್ಟಗೆ ಗೀರು ಬೀಳುವುದಿಲ್ಲ ಎಂದು ಅವಳು ಅನ್ನಲಿಲ್ಲ. ಸೆರಂಗೂನ್ ರೋಡಿನಲ್ಲಿ ಅಕ್ಕಸಾಲಿಗರಿದ್ದಾರಂತೆ, ತಟ್ಟಿಸಿ ಸರಿ ಮಾಡಿಸೋಣ ಎಂದಷ್ಟೇ ಹೇಳಿದಳು. ಅವನು ಹೂಂ ಎಂದು ಮುಂದೆ ಹಾಕುತ್ತ ಬಂದ.

ಜೂನ್ ಮೊದಲ ವಾರ ಬದರೀನಾಥನ ಹೊಸ ಕಾಂಡೊದ ಗೃಹಪ್ರವೇಶವಾಯಿತು. ಊಟಕ್ಕೆ ಮೂವತ್ತು ಜನ. ಬದರೀನಾಥನಿಗೆ ಹೊಟ್ಟೆ ತುಂಬಿದರೆ ಭಾಷಣ ಬರುತ್ತದೆ. ಅವನು ಚನ್ನಬಸವ್ವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತ.

“ಅಮ್ಮಾ, ನಿಮ್ಮ ಮಗನ ಬಗ್ಗೆ ನಿಮಗೆ ಗೊತ್ತೇ ಇಲ್ವಾ? ಹಂಟಿಂಗ್‌ಗೆ ಅಂತ ಕೆನಡಾವರೆಗೂ ಹೋಗಿ, ಟಗರು ಎದುರಿಗೆ ನಿಂತಿದ್ರೂ ಬಾಣ ರಿಲೀಸ್ ಮಾಡ್ದೆ ವಾಪಸ್ ಬಂದ ಮಹಾನುಭಾವ. ನಮ್ಮಂಥೋರಿಗೆ ಆಗ್ತಿರ್ಲಿಲ್ಲ ಬಿಡಿ.”

ಸುತ್ತಲಿನವರು ತಲೆಯಾಡಿಸಿದರು. ಸಂಸ್ಕಾರ ಎಂದರೆ ಇದು ಎಂದು ಒಬ್ಬರು, ಕೊರಳಲ್ಲಿ ಲಿಂಗವಿದ್ದ ಮೇಲೆ ಕೈ ಹೇಗೆ ಬಂದೀತು ಎಂದು ಇನ್ನೊಬ್ಬರು. ಕುಂಬಳಕಾಯಿ ಕಳ್ಳನ ಹಾಗೆ ಶಿವಯೋಗೀಶನ ಕೈ ತಾನಾಗಿ ಎದೆಗೆ ಹೋಯಿತು. ಚನ್ನಬಸವ್ವ ಮಗನ ಆ ಕೈಯನ್ನೇ ನೋಡುತ್ತಿದ್ದಳು. ಮರಳುವಾಗ ರೈಲಿನಲ್ಲಿ ಅವಳು ಟ್ರೇನಿಂಗಿನ ವಿಷಯ ಎತ್ತಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು, ಚಲೋ ಮಾಡಿದಿ ಎಂದಳು. ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಅದಾದ ಮುಂದಿನ ಶನಿವಾರ ಕೆನಡಾದಿಂದ ಡೇಲ್‌ನ ಮಿಂಚಂಚೆ ಬಂತು.

ಡೇಲ್ ಅವನನ್ನು ಬೆಟ್ಟಕ್ಕೆ ಕರೆದೊಯ್ದಿದ್ದ ಮಾರ್ಗದರ್ಶಿ. ಅರವತ್ತರ ಹತ್ತಿರದವನು, ಮಾತು ಕಡಿಮೆ. ಮೊದಲ ದಿನವೇ ಬೆಂಕಿಯ ಮುಂದೆ ಕೂರಿಸಿಕೊಂಡು ತನ್ನ ಶಾಸ್ತ್ರ ಹೇಳಿದ್ದ. ಪ್ರಾಣಿ ಪಕ್ಕೆ ತೋರಿಸಿ ನಿಂತಿರಬೇಕು, ಹತ್ತಿರವಿರಬೇಕು, ಬಿಲ್ಲು ಹಿಡಿದವನ ಮನಸ್ಸು ನಿಂತಿರಬೇಕು. ಎಲ್ಲಾದರೂ ಒಂದು ಅನುಮಾನ ಬಂದರೆ ಎಳೆದ ಹೆದೆಯನ್ನು ಮೆಲ್ಲಗೆ ಇಳಿಸಿಬಿಡು, ಇಳಿಸಿದ ಬಿಲ್ಲಿನಿಂದ ಯಾವ ಪ್ರಾಣಿಯೂ ನರಳಿಲ್ಲ ಎಂದ. ಒಂದು ತೊಟ್ಟು ರಕ್ತ ಬಿದ್ದರೂ ನಿನ್ನ ಬೇಟೆ ಮುಗಿಯಿತು, ಉಳಿದ ದಿನವೆಲ್ಲ ಹುಡುಕುವುದಕ್ಕೆ ಎಂದ. ಕೊನೆಯದನ್ನು ಎರಡು ಸಲ ಹೇಳಿದ. ಬಾಣ ಎಲ್ಲಿ ನೆಟ್ಟಿತೆಂದು ನಾನು ಕೇಳುತ್ತೇನೆ, ಆಗ ಕಂಡದ್ದನ್ನು ಹೇಳು. ಎದೆಗೆ ಬಿದ್ದಿದ್ದರೆ ಅರ್ಧ ಗಂಟೆ ಕಾದು ಹಿಂದೆ ಹೋಗಬಹುದು, ಅಷ್ಟರಲ್ಲಿ ಅದು ಮುಗಿದಿರುತ್ತದೆ. ಹೊಟ್ಟೆಗೆ ಬಿದ್ದಿದ್ದರೆ ಬೆಳಗಿನ ತನಕ ಹೋಗಬಾರದು. ಬಿಟ್ಟರೆ ಅದು ಹತ್ತಿರದಲ್ಲೇ ಮಲಗಿ ಅಲ್ಲೇ ಪ್ರಾಣ ಬಿಡುತ್ತದೆ. ಬೆನ್ನು ಹತ್ತಿದರೆ ನೋವು ಹೊತ್ತುಕೊಂಡೇ ಎದ್ದು ಹೋಗುತ್ತದೆ, ಆಮೇಲೆ ಯಾರಿಗೂ ಸಿಗುವುದಿಲ್ಲ.

ಆರು ದಿನ ಟಗರು ಕಂಡದ್ದೆಲ್ಲ ದೂರದಲ್ಲಿ. ಏಳನೆಯ ದಿನ ಮಧ್ಯಾಹ್ನ ಒಂದು ಒಂಟಿ ಟಗರು ಬಂಡೆಯ ಕೆಳಗಿನ ಹುಲ್ಲಿನಲ್ಲಿ ಮೇಯುತ್ತಿತ್ತು. ಡೇಲ್ ಹಿಂದಿನ ತಗ್ಗಿನಲ್ಲೇ ಉಳಿದ. ಶಿವಯೋಗೀಶ ಸದ್ದಾಗದಿರಲೆಂದು ದಪ್ಪ ಜಾಕೆಟ್ಟನ್ನೂ ಚೀಲವನ್ನೂ ಅಲ್ಲೇ ಬಿಟ್ಟು, ಹೊಟ್ಟೆಯ ಮೇಲೆ ತೆವಳಿ ಮೂವತ್ತೈದು ಹೆಜ್ಜೆಯಷ್ಟು ಹತ್ತಿರ ಹೋದ. ಸಿಂಗಪುರದ ಕ್ಲಬ್ಬಿನಲ್ಲಿ ಅವನು ಪ್ರತಿ ಸಲ ಬಿಲ್ಲು ಹಿಡಿಯುವ ಮುಂಚೆ ಕರಡಿಗೆಯನ್ನು ಬಲಗಂಕುಳಿನ ಕಡೆ ಸರಿಸಿ, ಮೇಲೆ ಚರ್ಮದ ಎದೆಗಾಪು ಕಟ್ಟಿಕೊಳ್ಳುತ್ತಿದ್ದ. ಬಿಟ್ಟ ಹೆದೆ ಎಡಗಡೆಯ ಎದೆಯನ್ನು ಸವರಿಕೊಂಡೇ ಹೋಗುತ್ತದೆ, ಅಲ್ಲಿ ಏನೂ ಇರಬಾರದು. ಎದೆಗಾಪು ಚೀಲದಲ್ಲಿತ್ತು. ತೆವಳುವಾಗ ಅಂಗಿಯ ಗುಂಡಿ ಬಿಚ್ಚಿ ಕರಡಿಗೆ ಹೊರಗೆ ಜಾರಿತ್ತು.

ಪೂರ್ತಿ ಎಳೆದ ಮೇಲೆ ಅವನಿಗೆ ಅದು ತಿಳಿಯಿತು. ಬೆಳ್ಳಿ ಎಡ ಎದೆಯ ಮೇಲೆ, ಹೆದೆಯ ದಾರಿಯಲ್ಲಿ, ತಣ್ಣಗೆ ಕೂತಿತ್ತು. ಇಳಿಸಬೇಕಿತ್ತು. ಇಳಿಸಿದರೆ ಕೈ ಅಲ್ಲಾಡುತ್ತದೆ, ಅಲ್ಲಾಡಿದರೆ ಟಗರು ಓಡುತ್ತದೆ, ಉಳಿದಿರುವುದು ಮೂರೇ ದಿನ. ಟಗರು ತಲೆಯೆತ್ತಿ ಅವನ ಕಡೆಗೇ ನೋಡಿತು. ಅವನು ಬಿಟ್ಟ.

ಟಿಣ್ ಎಂಬ ಸಣ್ಣ ಸದ್ದಾಯಿತು. ಹಳದಿ ಗರಿಯ ಬಾಣ ಪಕ್ಕಕ್ಕೆ ವಾಲಿ, ಎದೆಯನ್ನು ತಪ್ಪಿ, ಹಿಂಗಾಲಿನ ಮುಂದಿನ ಮೆತ್ತನೆಯ ಹೊಟ್ಟೆಗೆ ಹೋಗಿದ್ದನ್ನು ಅವನು ಕಣ್ಣಾರೆ ಕಂಡ. ಟಗರು ಬೆನ್ನು ಗೂನಾಗಿಸಿಕೊಂಡು ಬಂಡೆಯ ಆಚೆ ಹೋಯಿತು. ಡೇಲ್ ಬಂದು ಎಲ್ಲಿ ಬಿತ್ತು ಎಂದು ಕೇಳಿದ.

ಭುಜದ ಹಿಂದೆ, ಎದೆಗೆ ಎಂದು ಶಿವಯೋಗೀಶ ಹೇಳಿದ.

ಬೆಂಕಿಯ ಮುಂದೆ ಕೇಳಿದ್ದು ಆಗ ನೆನಪಾಗಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನೆನಪಾಗಿತ್ತು. ಆದರೆ ಹತ್ತಕ್ಕೆ ಒಂಬತ್ತು ಹೊಡೆಯುವ ಕೈ ಹತ್ತನೆಯದನ್ನು ಒಪ್ಪಿಕೊಳ್ಳಲಿಲ್ಲ. ಅರ್ಧ ಗಂಟೆ ಕಾದು ಇಬ್ಬರೂ ಹೋದರು. ಇನ್ನೂರು ಹೆಜ್ಜೆಯ ಆಚೆ, ಪೊದೆಯ ಮರೆಯಲ್ಲಿ ಮಲಗಿದ್ದ ಟಗರು ಇವರ ಸದ್ದಿಗೆ ಎದ್ದು, ಎಡವುತ್ತ, ಇಳಿಜಾರು ಹಿಡಿದು ಹೋಯಿತು. ಅದು ಮಲಗಿದ್ದ ಜಾಗದಲ್ಲಿ ರಕ್ತದೊಂದಿಗೆ ಅರೆದ ಹುಲ್ಲು ಇತ್ತು. ಡೇಲ್ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ ಕಲ್ಲಿನ ಮೇಲೆ ಕೂತುಬಿಟ್ಟ. ನೀನು ಬಿಡುವ ಹೊತ್ತಿಗೆ ಅದು ಒಂದು ಹೆಜ್ಜೆ ಮುಂದಿಟ್ಟಿರಬೇಕು, ಕಣ್ಣಿಗೆ ಕಾಣುವುದಿಲ್ಲ ಎಂದು ತಾನೇ ಒಂದು ನೆಪ ಹುಡುಕಿ ಕೊಟ್ಟ. ಶಿವಯೋಗೀಶ ತಲೆಯಾಡಿಸಿದ. ಮೂರು ದಿನ ಹುಡುಕಿದರು. ಮೂರನೆಯ ದಿನ ಹಿಮ ಬಿದ್ದು ಗುರುತೆಲ್ಲ ಮುಚ್ಚಿಹೋಯಿತು.

ಈಗ ಡೇಲ್ ಬರೆದಿದ್ದ. ಹಿಮ ಕರಗಿದೆ, ಟಗರು ಸಿಕ್ಕಿತು, ಎರಡು ಕಣಿವೆ ಆಚೆ, ಒಂದು ಹಳ್ಳದ ಪಕ್ಕದಲ್ಲಿ. ಎಲುಬುಗಳ ನಡುವೆ ನಿನ್ನ ಹಳದಿ ಗರಿ ಇತ್ತು. ಅಷ್ಟು ದೂರ ನಡೆಯಲು ಅದಕ್ಕೆ ಎರಡು ದಿನವಾದರೂ ಹಿಡಿದಿರಬೇಕು. ನಾನು ಚಳಿಗಾಲವೆಲ್ಲ ಆ ಅರ್ಧ ಗಂಟೆಯ ಬಗ್ಗೆ ಯೋಚಿಸಿದೆ. ಇಪ್ಪತ್ತಾರು ವರ್ಷದ ಅನುಭವ ಇರುವವನು ಕಾಯಬೇಕಿತ್ತು. ಬಿಲ್ಲುಗಾರರನ್ನು ಕರೆದೊಯ್ಯುವುದನ್ನು ನಿಲ್ಲಿಸಿದ್ದೇನೆ, ನನ್ನ ಅಂದಾಜಿನ ಮೇಲೆ ನನಗೆ ನಂಬಿಕೆ ಹೋಗಿದೆ. ನೀನು ನಿನ್ನ ಕೆಲಸ ಸರಿಯಾಗಿ ಮಾಡಿದೆ, ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಭಾನುವಾರ ಬೆಳಿಗ್ಗೆ ಶಿವಯೋಗೀಶ ಸ್ನಾನ ಮಾಡಿ ಮಣೆಯ ಮೇಲೆ ಕೂತ. ವಿಭೂತಿ ಹಚ್ಚಿಕೊಂಡ. ಕರಡಿಗೆಯ ಮುಚ್ಚಳ ತಿರುವಲು ಹೋದ, ಕೈ ಬರಲಿಲ್ಲ. ಚನ್ನಬಸವ್ವ ಹೂವಿನ ಬುಟ್ಟಿ ಹಿಡಿದುಕೊಂಡು ಅದನ್ನು ನೋಡಿದಳು. ಆಮೇಲೆ ಬುಟ್ಟಿ ಕೆಳಗಿಟ್ಟು ಅವನ ಎದುರಿಗೆ ಕೂತಳು.

“ತಮ್ಮಾ, ಅದು ಬಚ್ಚಲದಾಗ ಬಿದ್ದದ್ದಲ್ಲ.”

“ಅಲ್ಲ ಯವ್ವಾ.”

ಅವನು ಎಲ್ಲವನ್ನೂ ಹೇಳಿದ. ಟ್ರೇನಿಂಗಿನ ಸುಳ್ಳಿನಿಂದ ಹಿಡಿದು, ಬೆಳ್ಳಿ ತಣ್ಣಗೆ ತಾಕಿದ್ದು, ಬಾಣ ವಾಲಿದ್ದು, ಭುಜದ ಹಿಂದೆ ಎಂದದ್ದು, ನಿನ್ನೆ ಬಂದ ಪತ್ರ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಅವನು ಆಡಿದ ಮಾತು ಎಂಟು ತಿಂಗಳು ಕಳೆದರೂ ಎಲ್ಲೂ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಮಿಕ್ಸಿ ನಿಂತುಹೋಯಿತು. ವಿದ್ಯಾಶ್ರೀ ಬಾಗಿಲಿಗೆ ಬಂದು ನಿಂತಿದ್ದಳು.

“ಎಂಟು ತಿಂಗಳಿಂದ ನಾ ಎಲ್ಲಾರ ಮುಂದೂ ಹೇಳ್ಕೋತ ಬಂದೀನಲ್ರೀ” ಎಂದಳು. ದನಿ ಏರಿರಲಿಲ್ಲ. ಅವನು ಅವಳ ಮುಖ ನೋಡಲಿಲ್ಲ. ಅವಳು ಒಳಗೆ ಹೋದಳು, ಮಿಕ್ಸಿ ಮತ್ತೆ ಶುರುವಾಗಲಿಲ್ಲ.

ಲಿಂಗ ಕಟ್ಟಿಕೊಂಡು ಬೇಟೆಗೆ ಹೋದೆಯಾ ಎಂದು ಚನ್ನಬಸವ್ವ ಬೈಯುತ್ತಾಳೆಂದು ಅವನು ಕಾದ. ಬೈಗುಳ ಬಂದರೆ ಕಾಲು ಹಿಡಿದು ಹಗುರಾಗಬಹುದಿತ್ತು. ಅವಳು ಕೇಳಿದ್ದು ಬೇರೆ.

“ಆ ಮನಷ್ಯಾ ಇನ್ನೂ ತನ್ನದ ತಪ್ಪು ಅಂತ ತಿಳಕೊಂಡಾನ?”

“ಹೂಂ.”

“ಹಂಗಾರ ಮೊದಲ ಅವಗ ಫೋನ್ ಮಾಡು. ಪೂಜಿ ಆಮ್ಯಾಲ.”

ಒಂಬತ್ತು ಗಂಟೆಯಾಗಿತ್ತು. ಅಲ್ಲಿ ಶನಿವಾರ ಸಂಜೆ. ಮೂರನೆಯ ರಿಂಗಿಗೆ ಡೇಲ್ ಎತ್ತಿಕೊಂಡು, ದನಿ ಗುರುತು ಹಿಡಿದು, ಸಂತೋಷಪಟ್ಟ. ಅದು ಶಿವಯೋಗೀಶನಿಗೆ ಇನ್ನೂ ಕಷ್ಟವಾಯಿತು. ಅವನು ನಿಂತೇ ಮಾತಾಡಿದ, ಇಂಗ್ಲಿಷಿನಲ್ಲಿ, ಒಂದೊಂದೇ ವಾಕ್ಯ. ಕೊರಳಲ್ಲಿದ್ದ ಬೆಳ್ಳಿಯ ವಿಷಯ ಹೇಳಿದ. ಅದು ಮೊದಲೇ ಗೊತ್ತಾಗಿತ್ತು, ಆದರೂ ಬಿಟ್ಟೆ ಎಂದ. ಆಚೆ ಕಡೆ ನಾಯಿಯೊಂದು ಬೊಗಳುತ್ತಿದ್ದದ್ದು ಕೇಳಿಸಿತು. ಡೇಲ್ ಅದನ್ನು ಗದರಿಸಿದ. ಆಮೇಲೆ ಕೇಳಿದ.

“ಎಲ್ಲಿ ಬಿತ್ತೆಂದು ನೀನು ಕಂಡಿದ್ದೆಯಾ?”

“ಕಂಡಿದ್ದೆ.”

“ನಾನು ಕೇಳಿದಾಗ?”

“ಗೊತ್ತಿತ್ತು.”

ಡೇಲ್ ಸಿಟ್ಟಾಗಲಿಲ್ಲ. ಪೊದೆಯ ಮರೆಯಲ್ಲಿ ಅದು ಮಲಗಿದ್ದ ಜಾಗ ನೆನಪಿದೆಯಾ ಎಂದು ಕೇಳಿದ. ಗಾಳಿ ತಾಕದ, ಒಳ್ಳೆಯ ಜಾಗ, ಬೆಳಗಿನ ತನಕ ಬಿಟ್ಟಿದ್ದರೆ ಅಲ್ಲೇ ಇರುತ್ತಿತ್ತು ಎಂದ. ಹೇಳಿದ್ದು ಒಳ್ಳೆಯದಾಯಿತು ಎಂದ. ಕ್ಷಮಿಸಿದೆ ಎಂಬ ಮಾತು ಬರಲಿಲ್ಲ. ಶಿವಯೋಗೀಶನಿಗೆ ಅದನ್ನು ಕೇಳುವ ಮುಖವೂ ಇರಲಿಲ್ಲ. ಗುಡ್‌ಬೈ ಎಂದು ಡೇಲ್ ಫೋನ್ ಇಟ್ಟ.

ಏನಂದ ಎಂದು ಚನ್ನಬಸವ್ವ ಕೇಳಿದಳು. ಅವನು ಫೋನಿನ ಮಾತಿಗೆ ಪತ್ರದ ಮಾತನ್ನೂ ಸೇರಿಸಿ ಒಂದೂ ಬಿಡದೆ ಕನ್ನಡದಲ್ಲಿ ಹೇಳಿದ. ಹೊಟ್ಟೆ, ಎರಡು ದಿನ ಎಂದಾಗ ಅವಳ ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು. ಅವನಿಗೆ ಆಗ ಹೊಳೆಯಿತು. ಗುರುಬಸಪ್ಪ ಹೋದದ್ದು ಹೊಟ್ಟೆಯ ಹುಣ್ಣು ಒಡೆದು. ಬೆಳಗಾವಿಯ ಆಸ್ಪತ್ರೆಯಲ್ಲಿ ಎರಡು ದಿನ. ಇವನ ವಿಮಾನ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅವಳು ತಟ್ಟೆಯಿಂದ ಕರಡಿಗೆಯನ್ನು ಮುಟ್ಟದೆ, ಗೀರು ಇದ್ದ ಕಡೆ ಬೆರಳು ತೋರಿಸಿದಳು.

“ಇದನ್ನ ತಟ್ಟಸೂದು ಬ್ಯಾಡ. ಇರ್ಲಿ.” ಮತ್ತೆ ಅಂದಳು. “ಹೊಟ್ಟಿ ನೋವು ಎಂಥಾದ್ದು ಅಂತ ನಾ ನೋಡೀನಿ. ಎರಡೂ ದಿನ ನಿಮ್ಮಪ್ಪನ ಬಾಜೂಕ ಕುಂತಿದ್ದೆ, ಕೈ ಹಿಡಕೊಂಡಿದ್ದೆ, ನೀರು ಬೇಡಿದಾಗೊಮ್ಮೆ ತುಟಿ ಒದ್ದಿ ಮಾಡ್ತಿದ್ದೆ. ಅದರ ಬಾಜೂಕ ಯಾರಿದ್ರೋ, ತಮ್ಮಾ?”

ಅವಳು ಚುಚ್ಚಿ ಕೇಳಿದ್ದಲ್ಲ. ತಿಳಿಯದ್ದಕ್ಕೇ ಕೇಳಿದ್ದಳು, ಉತ್ತರಕ್ಕೆ ಕಾದಳು.

“ಯಾರೂ ಇರ್ಲಿಲ್ಲ ಯವ್ವಾ” ಎಂದ ಶಿವಯೋಗೀಶ. ಎಂಟು ತಿಂಗಳಲ್ಲಿ ಮೊದಲ ಸಲ ಅವನಿಗೆ ಅಳು ಬಂತು. ಚನ್ನಬಸವ್ವ ಅವನನ್ನು ಸುಮ್ಮನಿರಿಸಲು ಹೋಗಲಿಲ್ಲ. ಅಳು ಮುಗಿಯುವ ತನಕ ಅವನ ಪಕ್ಕದಲ್ಲಿ ಕೂತಿದ್ದಳು.